ದುಬೈಗೆ ಹೋದ ಧೋತರ

ಹುಸೇನಕಾಕಾ ಸಿಟ್ಟಿಗೆದ್ದರೆ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದ. ಆ ದನಿ ಕೇಳಿದರೆ ಮುಳಗುಂದದ ಅವನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಂತವರು ಚಹಾದ ಕಪ್ಪು ಕೆಳಗಿಡುತ್ತಿದ್ದರು. ಊರಿನವರನ್ನೆಲ್ಲ ಅಣಕಿಸುವ ನಾನೂ ಬಾಯಿ ಮುಚ್ಚುತ್ತಿದ್ದೆ.

ಒಮ್ಮೆ ಬೀಜದ ಕಂಪನಿಯವರು ಹೆಚ್ಚು ಮಾರಿದ ಅಂಗಡಿಕಾರರನ್ನು ದುಬೈಗೆ ಕರೆದೊಯ್ದರು. ಕಾಕಾ ಹೊರಟ. ನಮ್ಮಪ್ಪನದೂ ಅಂಥದೇ ಅಂಗಡಿ, ಅವನು ವಿಮಾನಕ್ಕೆ ಹೆದರಿದ್ದರಿಂದ ಬದಲಿಗೆ ನಾನು ಹೋದೆ. ಕೊನೆಯ ದಿನ ದೊಡ್ಡ ಹೋಟೆಲಿನಲ್ಲಿ ಊಟ. ಪೋಷಾಕು ಶಿಸ್ತಿನದಿರಲಿ, ಕಾಲಿಗೆ ಬೂಟಿರಲಿ ಎಂದು ಮೊದಲೇ ತಿಳಿಸಿದ್ದರು. ನಮ್ಮ ಅಂಗಡಿಕಾರರ ಸಂಘದ ಅಧ್ಯಕ್ಷ, ಗದಗಿನ ಬಸಣ್ಣ, ಎಲ್ಲರೂ ಕರಿ ಕೋಟು ಹೊಲಿಸಬೇಕೆಂದು ಫರ್ಮಾನು ಹೊರಡಿಸಿದ. ಕೋಟು ತೊಟ್ಟ ನಾನು ಮದುವೆಗೆ ಬ್ಯಾಂಡ್ ಬಾರಿಸಲು ಬಂದವನಂತೆ ಕಾಣುತ್ತಿದ್ದೆ. ಬಸಣ್ಣ ಬ್ಯಾಂಡಿನ ಮಾಲೀಕನಂತೆ.

ಕಾಕಾ ಮಾತ್ರ ಧೋತರದಲ್ಲೇ ಬಂದ. "ಬೂಟು ಹಾಕ್ಕೋತೀನಿ, ಅದು ಅವರ ಮನಿ ರಿವಾಜು. ಕೋಟು ಯಾಕ? ಇಸ್ತ್ರಿ ಮಾಡಿದ ಧೋತರಕ್ಕಿಂತ ಶಿಸ್ತು ಯಾವದೈತಿ?"

ಬಾಗಿಲು ಕಾಯುವವನು ಅವನನ್ನು ಮೇಲಿಂದ ಕೆಳಗೆ ನೋಡಿ, ತಲೆ ಬಾಗಿಸಿ ಒಳಗೆ ಬಿಟ್ಟ. ತಡೆದದ್ದು ನನ್ನನ್ನು. ಹೊಸ ಬೂಟು ಕಚ್ಚಿತೆಂದು ಚಪ್ಪಲಿ ಮೆಟ್ಟಿದ್ದೆ. ಕೋಣೆಗೆ ಹೋಗಿ ಬೂಟು ಹಾಕಿಕೊಂಡು ಕುಂಟುತ್ತ ಬಂದಾಗ ಬಸಣ್ಣ ಕಾಕಾನ ಕಿವಿಯ ಹತ್ತಿರ ಬಾಗಿದ್ದ.

"ಕಾಕಾ, ಕಂಪನಿ ಸಾಹೇಬ್ರು ಫೋಟೋ ತಗಸ್ತಾರ. ಒಂದೀಟು ಆ ಕಡೆ ಟೇಬಲ್ಲಿಗೆ ಕುಂಡ್ರಿ. ಎಲ್ಲಾರೂ ಕೋಟಿನ್ಯಾಗ ಅದೀವಿ, ಚಲೋ ಕಾಣಂಗಿಲ್ಲ."

ಕಾಕಾನ ದನಿ ಇಳಿಯಿತು. "ಬಸಣ್ಣ, ನಿನ್ನ ಗಿರಾಕಿ ಏನ ಉಟ್ಟಿರ್ತಾನ?"

ಬಸಣ್ಣ ಕೋಟಿನ ಗುಂಡಿ ಹಾಕಿಕೊಂಡ.

"ಸೊರಟೂರಿನ ರೈತ, ಅಡರಕಟ್ಟಿಯ ರೈತ ಇದನ್ನ ಉಟಗೊಂಡು ಬಂದು ಬೀಜ ಒಯ್ದಿದ್ದಕ್ಕ ನೀ ವಿಮಾನ ಹತ್ತಿದಿ. ಅವರಿಗೂ ಆ ಕಡೆ ಕುಂಡ್ರು ಅಂತಿ ಏನ? ನಾ ಏಳಂಗಿಲ್ಲ. ನಾಚಿಕಿ ಬಂದವರು ಏಳ್ರಿ."

ಯಾರೂ ಏಳಲಿಲ್ಲ. ಕಾಕಾ ಹೇಳಿದ್ದು ಖರೆ ಎಂದೂ ಯಾರೂ ಅನ್ನಲಿಲ್ಲ. ಅವನು ಕೈ ತೊಳೆಯಲು ಹೋದಾಗ ಗಡಿಬಿಡಿಯಲ್ಲಿ ಫೋಟೋ ತೆಗೆಸಿಕೊಂಡರು. ಧೋತರದವರ ಅನ್ನ ಉಂಡು ಧೋತರಕ್ಕೆ ನಾಚುವ ಆ ಮೋರೆಗಳನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಫೋಟೋದಲ್ಲಿ ನಾನಿಲ್ಲ. ಶೂರನೆಂದಲ್ಲ, ಮೇಜಿನ ಕೆಳಗೆ ಬಿಚ್ಚಿಟ್ಟಿದ್ದ ಬೂಟು ಹಾಕಿಕೊಳ್ಳುವಷ್ಟರಲ್ಲಿ ಫೋಟೋ ಮುಗಿದಿತ್ತು.

ಹೋದ ವರ್ಷ ಕಾಕಾ ಎದೆನೋವಿನಿಂದ ತೀರಿಕೊಂಡ. ಮಣ್ಣು ಕೊಟ್ಟು ಬರುವಷ್ಟರಲ್ಲಿ ಅವನ ಅಂಗಡಿಯ ಮುಂದೆ ಸಂಘದವರ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಂತಿತ್ತು. ಮುಖ ಕಾಕಾನದು. ಕುತ್ತಿಗೆಯ ಕೆಳಗೆ ಯಾರದೋ ಕರಿ ಕೋಟು, ಕೆಂಪು ಟೈ.

"ಫ್ಲೆಕ್ಸಿನವರು ಹಂಗ ಕೂಡಿಸಿ ಕೊಡ್ತಾರೋ ತಮ್ಮಾ. ಈಗ ನೋಡು, ಹೆಂಗ ಕಾಣ್ತಾನ," ಎಂದ ಬಸಣ್ಣ.

ಒಳಗಿನಿಂದ ಚೀಲ ಕೊಯ್ಯುವ ಕತ್ತರಿ ತಂದೆ. ಕುತ್ತಿಗೆಯ ಕೆಳಗೆ ಅಡ್ಡಕ್ಕೆ ಕೊಯ್ದು, ಕೋಟನ್ನು ಬಸಣ್ಣನ ಕೈಗಿಟ್ಟೆ.

"ತಗೋರಿ. ಇದು ನಿಮ್ಮದು."