ಅತ್ತೆಯ ಉಗ್ರಾಣ

ನಮ್ಮತ್ತೆಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ಆರು ವರ್ಷವಾಯಿತು. ಬೆಳಕು ಯಾವ ಕಡೆಯಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಆದರೂ ಹೊನ್ನವಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಸಾರು ಅವರದೇ ಆಗಿತ್ತು. ನಾನು ಒಲೆ ಹಚ್ಚಿ, ತರಕಾರಿ ಹೆಚ್ಚಿ ಕೊಟ್ಟರೆ ಮಿಕ್ಕಿದ್ದನ್ನು ಅವರ ಕೈ ನೋಡಿಕೊಳ್ಳುತ್ತಿತ್ತು.

ಉಗ್ರಾಣ ಹಾಗಿತ್ತು, ಅದಕ್ಕೇ ಇದೆಲ್ಲ ನಡೆಯುತ್ತಿತ್ತು. ಅಡುಗೆಮನೆಗೆ ಅಂಟಿಕೊಂಡಿದ್ದ ಆ ಸಣ್ಣ ಕೋಣೆಯನ್ನು ಅವರು ಮದುವೆಯಾಗಿ ಬಂದಾಗಿನಿಂದ ಜೋಡಿಸಿಕೊಂಡು ಬಂದವರು. ಒಂದು ಪಕ್ಕ ನೆಗ್ಗಿದ ಚೌಕದ ಟಿನ್ನಿನಲ್ಲಿ ರಾಗಿಹಿಟ್ಟು. ಮಣ್ಣಿನ ಗಡಿಗೆಯಲ್ಲಿ ಹುರುಳಿ. ಕಿರಿದಾದ ಕತ್ತಿನ ಬಾಟ್ಲಿಯಲ್ಲಿ ಸಾಸಿವೆ, ಅಂಥದ್ದೇ ಇನ್ನೊಂದರ ಕತ್ತಿಗೆ ದಾರ ಸುತ್ತಿದ್ದರೆ ಅದು ಜೀರಿಗೆ. ತೊಗರಿಬೇಳೆಗೆ ಹರಳೆಣ್ಣೆ ಸವರಿರುತ್ತಿದ್ದುದರಿಂದ ಮುಚ್ಚಳ ತೆಗೆದರೆ ವಾಸನೆಯೇ ಹೇಳುತ್ತಿತ್ತು. ಬಾಗಿಲಿಂದ ಮೂರು ಗೇಣು ಒಳಗೆ, ಪಿಂಗಾಣಿ ಜಾಡಿಯಲ್ಲಿ ಕಲ್ಲುಪ್ಪು.

ಹೋದ ವರ್ಷ ನಾನು ಮೂರು ದಿನಕ್ಕೆಂದು ದಂಡಿನಶಿವರದ ತವರಿಗೆ ಹೋಗಿದ್ದೆ. ಅತ್ತೆಯ ಜೊತೆಗಿರಲು ನನ್ನ ನಾದಿನಿ ತುಮಕೂರಿನಿಂದ ಬಂದಿದ್ದಳು. ನಾನು ವಾಪಸು ಬರುವಷ್ಟರಲ್ಲಿ ಉಗ್ರಾಣ ಗುರುತೇ ಸಿಗದಂತಾಗಿತ್ತು. ನಲವತ್ತು ಪ್ಲಾಸ್ಟಿಕ್ ಡಬ್ಬ, ಎಲ್ಲ ಒಂದೇ ಅಳತೆ, ಒಂದೇ ಆಕಾರ, ಒಂದೊಂದರ ಮೇಲೂ ಚೀಟಿ. ಕಲ್ಲುಪ್ಪು ದನಗಳಿಗೆಂದು ಕೊಟ್ಟಿಗೆ ಸೇರಿತ್ತು, ಅದರ ಬದಲು ಪುಡಿಯುಪ್ಪು ಬಂದಿತ್ತು. ನಾದಿನಿ ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. ನಾನೂ ಚೆನ್ನಾಗಿದೆ ಅಂದೆ. ಫೋಟೋ ತೆಗೆದು ತಂಗಿಗೂ ಕಳಿಸಿದೆ. ಆ ಮಾತಿಗೆ ಇವತ್ತೂ ನನ್ನ ಮೇಲೆ ನನಗೇ ಸಿಟ್ಟಿದೆ.

ನಾದಿನಿ ಊರಿಗೆ ಹೋದ ಮರುದಿನ ತೋಟದಲ್ಲಿ ತೆಂಗಿನಕಾಯಿ ಕೆಡವಿಸುತ್ತಿದ್ದರು. ಮಾಯಸಂದ್ರದಿಂದ ನೆಂಟರು ಇಬ್ಬರು ಊಟಕ್ಕೆ ಬಂದಿದ್ದರು. ಹುರುಳಿ ಸಾರಿನ ಮೊದಲ ತುತ್ತಿಗೇ ಎಲ್ಲರ ಕೈ ನಿಂತಿತು. ಉಪ್ಪಿನ ಬದಲು ಸಕ್ಕರೆ ಬಿದ್ದಿತ್ತು. ಉಪ್ಪು ಈಗ ಸಣ್ಣಗಿರುತ್ತದೆ ಅಂತ ಮಗಳು ಹೇಳಿದ್ದಳು, ಕೈಗೆ ಸಿಕ್ಕಿದ್ದು ಅದೇ ಇರಬೇಕು ಅಂದುಕೊಂಡೆ ಅಂತ ಅತ್ತೆ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ನನ್ನ ಗಂಡ, "ಅವ್ವನಿಗೆ ಇನ್ನು ಅಡುಗೆಮನೆಯಿಂದ ರಿಟೈರ್‌ಮೆಂಟ್ ಕೊಟ್ಬುಡಾನ" ಅಂದರು. ನೆಂಟರೂ ನಕ್ಕರು.

ಅತ್ತೆ ಕೈ ತೊಳೆದುಕೊಂಡು ಗೋಡೆ ಹಿಡಿದು ಜಗಲಿಗೆ ಹೋದರು. ಅವತ್ತಿನಿಂದ ಅಡುಗೆಮನೆಗೆ ಕಾಲಿಡಲಿಲ್ಲ. ಒಂದು ಲೋಟ ನೀರಿಗೂ ನನ್ನನ್ನು ಕರೆಯತೊಡಗಿದರು. ಕಣ್ಣು ಹೋದಾಗಲೂ ಅವರು ಹಾಗೆ ಕರೆದವರಲ್ಲ.

ನಾಲ್ಕನೇ ದಿನ ನಾನು ನಾದಿನಿಗೆ ಫೋನ್ ಮಾಡಿ ಹಳೇ ಡಬ್ಬಗಳೆಲ್ಲಿ ಅಂತ ಕೇಳಿದೆ. ಅರ್ಧ ಗುಜರಿಯವನಿಗೆ ಹೋದವಂತೆ, ಇನ್ನರ್ಧ ಕಾಯಿ ಹಾಕುವ ಕೊಟ್ಟಿಗೆಯ ಅಟ್ಟದಲ್ಲಿ. ಅವು ತುಕ್ಕು ಹಿಡಿದಿದ್ದವು ಅತ್ತಿಗೆ, ಈಗ ನೋಡೋಕೆ ಎಷ್ಟು ಚೆನ್ನಾಗಿದೆ ಅಂದಳು.

"ನೋಡೋಕೆ ಯಾರಿಗೆ ಕಣಮ್ಮ? ಇಲ್ಲಿ ಸಾರು ಮಾಡೋರಿಗೆ ಕಣ್ಣಿಲ್ಲ."

ತಾನೇನು ಬೇಕಂತ ಮಾಡಿದ್ದಲ್ಲ ಅಂತ ಹೇಳಿ ಫೋನಿಟ್ಟಳು.

ಗಂಡನಿಗೂ ಅವತ್ತೇ ಹೇಳಿದೆ. ನಿಮ್ಮವ್ವ ತಪ್ಪು ಮಾಡಲಿಲ್ಲ, ಅವರ ಕೈಯಿಂದ ಗುರುತು ಕಿತ್ತುಕೊಂಡು ನೀವು ನಕ್ಕಿರಿ ಅಂದೆ. ಅವರು ಏಣಿ ಹಾಕಿ ಅಟ್ಟದಿಂದ ಟಿನ್ನು, ಗಡಿಗೆ ಇಳಿಸಿಕೊಟ್ಟರು. ಪಿಂಗಾಣಿ ಜಾಡಿ ಸಿಗಲೇ ಇಲ್ಲ.

ಕರೆಯಲು ಹೋದರೆ ಅತ್ತೆ ಬರಲೊಲ್ಲರು. "ಬುಡು ಕಣೇ, ನೀನೇ ಮಾಡು. ನಗಿಸ್ಕೊಂಡಿದ್ದು ಸಾಕು" ಅಂದರು. ನಾನು ವಾದ ಮಾಡಲಿಲ್ಲ. ಒಂದೊಂದೇ ಪಾತ್ರೆ ಜಗಲಿಗೆ ತಂದು ಅವರ ಮುಂದಿಟ್ಟೆ. ಕೊನೆಗೆ ರಾಗಿ ಟಿನ್ನಿನ ನೆಗ್ಗು ಸವರಿ, ಇದನ್ನು ಬಲಗಡೆ ಕೆಳಗಿಡು ಅಂದರು. ಹಳೇ ಪಾತ್ರೆ ಸಿಗದೆ ಹೋದದ್ದಕ್ಕೆ ಅವರೇ ದಾರಿ ಮಾಡಿದರು. ಉಪ್ಪಿನ ಪ್ಲಾಸ್ಟಿಕ್ ಡಬ್ಬದ ಕತ್ತಿಗೆ ತೆಂಗಿನ ನಾರಿನ ಹುರಿ ಕಟ್ಟಿದರು, ಸಕ್ಕರೆಯದಕ್ಕೆ ಎರಡು ರಬ್ಬರ್ ಬ್ಯಾಂಡ್ ಹಾಕಿಸಿದರು. ಜೋಡಿಸಿ ಮುಗಿಸಲು ಎರಡು ದಿನ ಹಿಡಿಯಿತು. ಮೂರನೇ ದಿನ ಅವರೇ ಎದ್ದು ಬಂದು ಸಾರಿಗಿಟ್ಟರು.

ಗಂಡ ಊಟ ಮಾಡಿ ಎದ್ದುಹೋದರು. ತಪ್ಪಾಯಿತು ಅನ್ನುವ ಒಂದು ಮಾತು ಅವರ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ನಾದಿನಿ ಹಬ್ಬಕ್ಕೆ ಬಂದರೂ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ತನ್ನ ಮಗಳನ್ನು ಬೈದೆ ಅಂತ ಅತ್ತೆಗೆ ನನ್ನ ಮೇಲೆ ಒಂದಿಷ್ಟು ಬೇಜಾರು ಉಳಿದಿದೆ. "ಪ್ರೀತಿಗೆ ತಂದ್ಲು ಕಣೇ. ನನ್ನ ಒಂದು ಮಾತು ಕೇಳ್ಲಿಲ್ಲ, ಅಷ್ಟೇ" ಅನ್ನುತ್ತಾರೆ. ಅಷ್ಟೇ ಅಂತ ಅವರಿಗೆ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ.