ಕಿರಿಯಳಿಯನ ಅಳತೆ

ನನ್ನ ಷಡ್ಡಕನನ್ನು ಕಂಡರೆ ನನಗಾಗಲ್ಲ. ಯಾಕೆ ಅಂತ ಕೇಳಿದರೆ ನೆಟ್ಟಗೆ ಒಂದು ಕಾರಣ ಸಿಗಲ್ಲ, ಅದು ಇನ್ನೊಂದು ಸಂಕಟ. ಕುಡಿಯಲ್ಲ, ಜಗಳ ಆಡಲ್ಲ, ಯಾರ ತಂಟೆಗೂ ಹೋಗಲ್ಲ. ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡ್ತಾನೆ. ಮಾವನ ಮನೆಗೆ ಬಂದ ಅಂದ್ರೆ ಮಿಕ್ಸಿ, ನಲ್ಲಿ, ಬಾಗಿಲ ಚಿಲಕ, ಎಲ್ಲ ಸರಿ ಮಾಡಿಯೇ ಕೈ ತೊಳೆಯೋದು. ಅತ್ತೆಯಂತೂ ಅವನನ್ನು ತಲೆ ಮೇಲೆ ಹೊತ್ತು ಕುಣೀತಾರೆ. ಹಿರಿಯಳಿಯ ನಾನು, ಪ್ರೆಸ್ಸಿನಲ್ಲಿ ಮೆಷಿನ್ ಓಡಿಸೋನು. ಹತ್ತು ವರ್ಷದಲ್ಲಿ ಆ ಮನೇಲಿ ನಾನು ಸರಿ ಮಾಡಿದ್ದು ಒಂದು ಕ್ಯಾಲೆಂಡರ್, ಸೊಟ್ಟ ನೇತಾಡ್ತಿತ್ತು ಅಂತ.

ಉದ್ದ ಬೇರೆ ಇದ್ದಾನೆ. ಅವನ ಮದುವೆ ಫೋಟೋದಲ್ಲಿ ನಾನು ಮೆಟ್ಟಿಲ ಮೇಲೆ ನಿಂತಿದ್ದೀನಿ, ಆದರೂ ಅವನ ಕಿವಿವರೆಗೆ ಬಂದಿದ್ದೀನಿ ಅಷ್ಟೇ.

ಸೈಕಲ್ ಹುಚ್ಚು ಇಬ್ಬರಿಗೂ ಇದೆ. ಭಾನುವಾರ ಬೆಳಿಗ್ಗೆ ಜೊತೆಗೇ ಹೊರಡ್ತೀವಿ. ಅವನು ತನ್ನ ತುಕ್ಕು ಹಿಡಿದ ಸೈಕಲ್ಲಲ್ಲೂ ನನ್ನ ದಾಟಿ ಹೋಗಿ, ಏರಿನ ತುದೀಲಿ ನನಗೋಸ್ಕರ ಕಾಯ್ತಾ ನಿಂತಿರ್ತಾನೆ. ಕಾಯದೆ ಹೋಗಿದ್ರೆ ನನಗೆ ಇಷ್ಟು ಉರೀತಿರಲಿಲ್ಲ. ಒಂದೇ ಒಂದು ವಿಷಯದಲ್ಲಾದರೂ ಇವನಿಗಿಂತ ಮೇಲಿರಬೇಕು ಅಂತ ಹಟ ಹಿಡಿದು, ನನ್ನದೇ ಒಂದು ರೋಡ್ ಬೈಕ್ ಜೋಡಿಸೋಕೆ ಹೊರಟೆ. ಚಕ್ರ, ಗೇರು, ಹ್ಯಾಂಡಲ್ಲು ಅಂತ ಎರಡು ವರ್ಷ ಒಂದೊಂದೇ ತಂದು ಮಂಚದ ಕೆಳಗೆ ಕೂಡಿಟ್ಟೆ. ಕಸ ಗುಡಿಸೋಕೂ ಜಾಗ ಇಲ್ಲ ಅಂತ ಹೆಂಡತಿ ದಿನಾ ಗೊಣಗೋಳು.

ಉಳಿದಿದ್ದು ಫ್ರೇಮ್ ಒಂದೇ. ಕಾರ್ಬನ್ನಿನದು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಿತ್ತು. ಅಗ್ಗದ ಅಲ್ಯೂಮಿನಿಯಂ ಒಂದು ಸಿಕ್ಕಿತು, ಅದಕ್ಕೆ ಬೆಸುಗೆ ಹತ್ತಿರ ಕೂದಲೆಳೆಯಷ್ಟು ಬಿರುಕು. ಕೊನೆಗೆ ಸೈಕಲ್ ಅಂಗಡಿಯ ಮೂಲೇಲಿ ನೇತಾಡ್ತಿದ್ದ ಕಡು ಹಸಿರು ಸ್ಟೀಲ್ ಫ್ರೇಮ್ ಕಣ್ಣಿಗೆ ಬಿತ್ತು. ಎರಡು ಕಡೆ ಬಣ್ಣ ಕಿತ್ತುಹೋಗಿದೆ ಅಂತ ಅರ್ಧ ಬೆಲೆ. ಸೈಜು ಐವತ್ತಾರು.

"ಇದನ್ನ ನಿಮ್ಮ ಷಡ್ಡಕರೂ ಮೂರು ಸಲ ಬಂದು ನೋಡಿಹೋದರು," ಅಂದ ಅಂಗಡಿಯವನು.

ಅಲ್ಲಿಗೆ ಮುಗೀತು. ಅದು ನನಗೇ ಬೇಕು.

ಫ್ರೇಮಿನ ಸೈಜು ಒಳಗಾಲಿನ ಉದ್ದ, ಅಂದ್ರೆ ತೊಡೆಸಂದಿನಿಂದ ನೆಲದವರೆಗಿನ ಅಳತೆ, ನೋಡಿ ಆರಿಸೋದು. ಎಂಬತ್ತನಾಲ್ಕು ಸೆಂಟಿಮೀಟರ್ ಕಾಲಿಗೆ ಐವತ್ತಾರು ಅಂತ ಅಂಗಡಿಯವನ ಲೆಕ್ಕ. ನಮ್ಮ ಮಾವ ನಲವತ್ತು ವರ್ಷ ಪ್ಯಾಂಟ್ ಹೊಲಿದ ಟೈಲರ್. ಭಾನುವಾರ ಊಟಕ್ಕೆ ಸೇರಿದಾಗ, ಇಬ್ಬರದೂ ಕಾಲಿನ ಅಳತೆ ತಗೊಳ್ಳಿ ಮಾವ ಅಂದೆ. ಯಾತಕ್ಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಷಡ್ಡಕ ಗೋಡೆಗೆ ಒರಗಿ ನಿಂತ, ಎಂಬತ್ತನಾಲ್ಕು. ನನ್ನ ಸರದಿ ಬಂತು. ಮಾವ ಟೇಪು ಹಿಡಿದು ಬಗ್ಗಿದಾಗ ನಾನು ಮೆಲ್ಲಗೆ ಹಿಮ್ಮಡಿ ಎತ್ತಿದೆ. ಇವನಿಗಿಂತ ಕಡಿಮೆ ಅಂಕಿ ಅವರ ಬಾಯಿಂದ ಕೇಳೋಕೆ ನನಗಿಷ್ಟ ಇರಲಿಲ್ಲ.

"ಎಂಬತ್ತನಾಲ್ಕು," ಅಂದರು ಮಾವ. ನನ್ನ ಮುಖ ನೋಡದೆ ಬರ್ಕೊಂಡರು.

ಫ್ರೇಮ್ ಕೊಳ್ಳೋ ದಿನ ಷಡ್ಡಕನೇ ದಾರದುಂಡೆ ತಂದ. ಫ್ರೇಮಿನ ಹಿಂದಿನ ತುದಿಗೆ ದಾರ ಕಟ್ಟಿ, ಮುಂದಿನ ಪೈಪು ಸುತ್ತಿಸಿ, ಮತ್ತೆ ಹಿಂದಕ್ಕೆ ಎಳೆದು, ಎರಡೂ ಕಡೆ ಅಂತರ ಅಳೆದ.

"ಸೊಟ್ಟ ಇಲ್ಲ ಭಾವ. ಧೈರ್ಯವಾಗಿ ತಗೊಳ್ಳಿ."

"ನಿನಗೆ?"

"ನನಗೆ ಇನ್ನೊಂದು ಸಿಗುತ್ತೆ. ನೀವು ಎರಡು ವರ್ಷದಿಂದ ಕೂಡಿಡ್ತಿದ್ದೀರ." ದಾರ ಬಿಚ್ಚುತ್ತಾ, "ಯಾವುದಕ್ಕೂ ಇನ್ನೊಂದ್ಸಲ ಕಾಲು ಅಳೆದು ನೋಡೋಣ್ವಾ?" ಅಂದ.

"ಯಾಕೆ, ಮಾವನ ಟೇಪಿನ ಮೇಲೆ ನಂಬಿಕೆ ಇಲ್ವಾ?"

ಅವನು ದಾರವನ್ನು ಉಂಡೆಗೆ ಸುತ್ತಿ ಜೇಬಿಗಿಟ್ಟ. ನಾನು ಗೆದ್ದೆ ಅಂದ್ಕೊಂಡೆ.

ಸೈಕಲ್ ಜೋಡಿಸಿ ಹೊರಟ ದಿನ, ಮೊದಲನೇ ಸಿಗ್ನಲ್ಲಲ್ಲೇ ಕಾಲೂರೋಕೆ ಹೋಗಿ ಅಡ್ಡ ಪೈಪಿನ ಮೇಲೆ ಕೂತೆ. ಪೆಟ್ಟು ಎಲ್ಲಿಗೆ ಬಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸೀಟು ಪೂರ್ತಿ ಇಳಿಸಿದೆ, ಆದರೂ ಹ್ಯಾಂಡಲ್ಲಿಗೆ ಕೈ ಚಾಚಿ ಚಾಚಿ ಭುಜ ಹಿಡ್ಕೊಳ್ತು. ಬಾಯಿಬಿಟ್ಟು ಹೇಳೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. "ಇದು ಸೈಕಲ್ಲಾ, ಶಿಕ್ಷೆಯಾ?" ಅಂತ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು ಹೆಂಡತಿ. ಹೀಗೇ ಎರಡು ತಿಂಗಳು.

ಒಂದು ಭಾನುವಾರ ಮಾವನ ಮನೇಲಿ, ಮೇಲಿನ ಶೆಲ್ಫಿನಿಂದ ತಟ್ಟೆ ತೆಗೆಯೋಕೆ ಹೋದೆ, ಕೈ ಮೇಲೇಳಲಿಲ್ಲ. ಷಡ್ಡಕ ಏನೂ ಕೇಳದೆ ತಟ್ಟೆ ತೆಗೆದು ನನ್ನ ಕೈಗೆ ಕೊಟ್ಟ. ನನಗೆ ಸಾಕಾಗಿಹೋಯ್ತು.

"ಮಾವ, ಇನ್ನೊಂದ್ಸಲ ನನ್ನ ಕಾಲು ಅಳೀರಿ. ಸೈಕಲ್ಲಿಗೆ ಬೇಕು," ಅಂದೆ, ಎಲ್ಲರ ಮುಂದೆ. ಈ ಸಲ ಹಿಮ್ಮಡಿ ನೆಲಕ್ಕೆ ಊರಿದೆ.

"ಎಪ್ಪತ್ತೊಂಬತ್ತು," ಅಂದರು ಮಾವ. ಆಮೇಲೆ ಕನ್ನಡಕ ಮೇಲೇರಿಸಿ, "ಅವತ್ತೂ ಸೈಕಲ್ಲಿಗೇನಾ? ಹೇಳಬಾರದಿತ್ತಾ ಅಳಿಯಂದಿರೇ? ಪ್ಯಾಂಟಿಗೆ ಅಂದ್ಕೊಂಡೆ. ನಿಮ್ಮದು ಯಾವಾಗಲೂ ಎರಡು ಇಂಚು ಕಳೆದೇ ಹೊಲಿಯೋದು ನಾನು. ಮದುವೆ ಪ್ಯಾಂಟಿನಿಂದಲೂ ಅಷ್ಟೇ," ಅಂದರು.

ಅತ್ತೆ ಅಡುಗೆಮನೆ ಕಡೆ ತಿರುಗಿದರು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಷಡ್ಡಕ ಮಾತ್ರ ನಗಲಿಲ್ಲ. ನಕ್ಕಿದ್ದರೆ ಅವನನ್ನು ಬೈಯೋಕೆ ಒಂದು ಕಾರಣವಾದರೂ ಸಿಗ್ತಿತ್ತು.

ಹಸಿರು ಫ್ರೇಮ್ ಅವನಿಗೆ ಕೊಟ್ಟೆ. ನನಗೆ ಐವತ್ತೆರಡರ ಫ್ರೇಮ್ ಹುಡುಕೋಣ ಅಂತ ಅಂಗಡಿಗೆ ಹೋದರೆ, ಅಂಗಡಿಯವನು ಒಳಗಿಂದ ಒಂದು ತಂದ. ಷಡ್ಡಕ ಎರಡು ತಿಂಗಳ ಹಿಂದೆಯೇ ಅದನ್ನು ತೆಗೆದಿಡಿಸಿದ್ದನಂತೆ. ನನ್ನ ಹಿಮ್ಮಡಿ ಅವನೂ ನೋಡಿದ್ದ.

ಈಗ ನನ್ನ ಸೈಕಲ್ ನನಗೆ ಸರಿಯಾಗಿದೆ. ಏದುಸಿರು ಬಿಡ್ತಾ ಏರಿನ ತುದಿ ಮುಟ್ಟಿದರೆ, ಹಸಿರು ಫ್ರೇಮನ್ನು ಸೊಂಟಕ್ಕೆ ಒರಗಿಸಿಕೊಂಡು ಅವನು ಕಾಯ್ತಿರ್ತಾನೆ. ಅದು ಅವನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಅಂದ್ರೆ, ನೋಡೋಕಾಗಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಇನ್ನೂ ಹೊಟ್ಟೆ ಉರಿಯುತ್ತೆ.