ಕತ್ತರಿಸಿ ತೆಗೆದ ಗುಂಡಿಯ ದೃಶ್ಯ

ನಾನು ಬರೆದ ಕೊನೆಯ ದೃಶ್ಯವನ್ನು ಅವರು ಕತ್ತರಿಸಿ ತೆಗೆದರು. ಹಸು ಸತ್ತ ಮೇಲೆ, ಆ ದೃಶ್ಯವನ್ನು ನಾನು ಬರೆದೇ ಇರಲಿಲ್ಲ ಎಂದರು. ಎರಡನ್ನೂ ನಾನು ಮರೆತಿಲ್ಲ.

ಚಾಮರಾಜನಗರ ಜಿಲ್ಲೆಯಾದ ಹೊಸತು. ನಾನು ಡ್ರಾಯಿಂಗ್ ಮೇಷ್ಟರಾಗಿದ್ದೆ. ರೈತರಿಗೆ ತರಬೇತಿ ಕೊಡುತ್ತಿದ್ದ ಸಂಸ್ಥೆಯೊಂದು ಅರಿಸಿನದ ಬಿತ್ತನೆಯ ಬಗ್ಗೆ ಅನಿಮೇಷನ್ ಚಿತ್ರ ಮಾಡಿಕೊಡಲು ಕೇಳಿತು. ಬಿತ್ತನೆ ಗೆಡ್ಡೆಗಳನ್ನು ಔಷಧದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ, ನೆಡಬೇಕು: ಪಾಠ ಇಷ್ಟೇ. ಔಷಧ ಎಂದು ಕರೆದರೂ ಅದು ವಿಷವೇ.

ಮೊದಲ ಕರಡನ್ನು ಕುದೇರು ಗ್ರಾಮದ ಒಂದು ಜಗಲಿಯಲ್ಲಿ ಹೆಂಗಸರಿಗೆ ತೋರಿಸಿದೆ. ಟೀವಿ ಆರಿಸಿ, ಬರಿಯ ನೀರು ಮತ್ತು ಗೆಡ್ಡೆ ಕೊಟ್ಟು, ಕಂಡದ್ದನ್ನು ಮಾಡಿ ತೋರಿಸಿ ಎಂದೆ. ಒಬ್ಬಾಕೆ ಎಲ್ಲವನ್ನೂ ತಪ್ಪಿಲ್ಲದೆ ಮಾಡಿದಳು. ಆಮೇಲೆ ಉಳಿದ ನೀರಿನ ಬಕೆಟ್ಟು ಎತ್ತಿಕೊಂಡು ನೇರವಾಗಿ ಕೊಟ್ಟಿಗೆಯಲ್ಲಿ ಹಸು ಕುಡಿಯುವ ಕಲಗಚ್ಚಿನ ಬಾನಿಯ ಕಡೆ ನಡೆದಳು.

"ಅಲ್ಲಿಗ್ಯಾಕವ್ವ?" ಎಂದೆ.

"ಇನ್ನೆಲ್ಲಿಗೆ ಸಾ? ಅಕ್ಕಿ ತೊಳ್ದ ನೀರು, ಕಾಳು ನೆನೆಸಿದ ನೀರು, ಎಲ್ಲಾ ಅಸೀಗೆ ತಾನೆ ಉಯ್ಯದು?"

ಚಿತ್ರ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಕ್ಕೆ ನೋಡುಗರ ಕೈ ತನ್ನ ರೂಢಿಯಂತೆ ನಡೆಯುತ್ತದೆ. ಅದನ್ನು ನಾನು ಅಂದು ಕಲಿತೆ.

ಹಾಗೆ ಹುಟ್ಟಿದ್ದು ಗುಂಡಿಯ ದೃಶ್ಯ. ಹಾಡಿಲ್ಲ, ಮಾತಿಲ್ಲ. ಒಂದು ಕಡೆ ಹಸು ಕದಲದೆ ನಿಂತಿದೆ, ಅದರ ಮುಂದೆ ತುಂಬಿದ ಬಕೆಟ್ಟು. ಒಂದು ಕೈ ಬಂದು ಬಕೆಟ್ಟನ್ನು ದೂರಕ್ಕೆ ಒಯ್ಯುತ್ತದೆ. ನೀರು ಗುಂಡಿಗೆ ಬೀಳುತ್ತದೆ, ಮೇಲೆ ಮಣ್ಣು ಮುಚ್ಚುತ್ತದೆ. ಕಣ್ಣು ಅತ್ತಿತ್ತ ಹೋಗದಂತೆ ಬೇರೆ ಚಲನೆಗಳನ್ನೆಲ್ಲ ತೆಗೆದಿದ್ದೆ. ಮತ್ತೆ ಕುದೇರಿಗೆ ಹೋಗಿ ತೋರಿಸಿದಾಗ, ಅದೇ ಹೆಂಗಸು ಬಕೆಟ್ಟು ಕೆಳಗಿಟ್ಟು, "ಗುದ್ಲಿ ಎಲ್ಮಡಗಿದ್ದೀಯಮ್ಮಿ?" ಎಂದು ಮಗಳನ್ನು ಕೇಳಿದಳು.

ಸಂಸ್ಥೆಯ ಮುಖ್ಯಸ್ಥರು ನೋಡಿ ಮುಖ ಸಿಂಡರಿಸಿದರು. "ಇದೇನ್ ಮೇಷ್ಟ್ರೇ, ತಿಥಿ ಮನೆ ಥರ ಇದೆ. ಒಂಚೂರು ಕುಣಿಸಿ." ಕುದೇರಿನ ಸಂಗತಿಯನ್ನು ಬಿಡಿಸಿ ಹೇಳಿದೆ. "ಹೆಂಗಸರನ್ನ ಕೇಳ್ಕೊಂಡು ಸಿನಿಮಾ ಮಾಡೋಕಾಗುತ್ತಾ?" ಎಂದು ನಕ್ಕರು. ನಾನು ದೃಶ್ಯವನ್ನು ಬದಲಿಸದೆ ಹಾಗೇ ಒಪ್ಪಿಸಿದೆ.

ಮೊದಲ ಪ್ರದರ್ಶನ ಹಂಗಳ ಗ್ರಾಮದಲ್ಲಿ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ನಾನೂ ಹೋದೆ. ಮುಂದಿನ ಸಾಲಿನಲ್ಲಿ, ಒಂದೇ ಹಸುವಿನ ಹಾಲು ಮಾರಿ ಮನೆ ನಡೆಸುತ್ತಿದ್ದ ಹೆಂಗಸೊಬ್ಬಳು ಕಣ್ಣು ಕೀಳದೆ ನೋಡುತ್ತಿದ್ದಳು. ಗೆಡ್ಡೆ ನೆನೆಯಿತು, ಆರಿತು. ನಾನು ಗುಂಡಿಗಾಗಿ ಕಾದೆ. ಗುಂಡಿ ಬರಲಿಲ್ಲ. ಅರಿಸಿನದ ಕೊಂಬಿಗೆ ಕೈಕಾಲು ಮೂಡಿ, ತಮಟೆಯ ಹಾಡಿಗೆ ಅದು ಕುಣಿಯತೊಡಗಿತು.

"ಇದೇನ್ಲಾ, ಅರಿಸ್ಣಕ್ಕೇ ಮದುವೆನಾ?" ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಆ ಕುಣಿತದ ಹಿಂದಿನದು ಕಾಣುತ್ತಿತ್ತು. ಹಿನ್ನೆಲೆಗೆ ನನ್ನದೇ ಹಾಳೆಯನ್ನು ಉಳಿಸಿಕೊಂಡಿದ್ದರು: ಕದಲದ ಹಸು, ಅದರ ಮುಂದೆ ತುಂಬಿದ ಬಕೆಟ್ಟು. ಒಯ್ಯುವ ಕೈ ಇರಲಿಲ್ಲ.

ಎದ್ದು ನಿಂತು, "ಆ ನೀರನ್ನು ದನಕ್ಕೆ ಕೊಡಬೇಡಿ" ಎಂದು ಕೂಗಿದೆ. ತಮಟೆಯ ಸದ್ದಿನಲ್ಲಿ ನನ್ನ ದನಿ ಮುಳುಗಿತು. ಮುಖ್ಯಸ್ಥರು ತೋಳು ಹಿಡಿದೆಳೆದು, "ಕೂತ್ಕೊಳ್ಳಿ ಮೇಷ್ಟ್ರೇ, ಭಾಷಣ ಆಮೇಲೆ" ಎಂದರು. ಆಮೇಲೆ ಎಂಬುದು ಬರಲಿಲ್ಲ. ಟೀವಿ ಜೀಪಿಗೇರಿತು; ಜನ ಹಾಡು ಗುನುಗುತ್ತ ಹೊರಟರು. ಕೈಗೆ ಸಿಕ್ಕ ನಾಲ್ಕಾರು ಜನರಿಗೆ ಹೇಳಿದೆ. ಆ ಹೆಂಗಸು ಹಾಲು ಕರೆಯುವ ಹೊತ್ತಾಯಿತೆಂದು ಆಗಲೇ ಹೋಗಿಬಿಟ್ಟಿದ್ದಳು.

ಬಿತ್ತನೆಯ ಕಾಲದಲ್ಲಿ ಹಂಗಳದಿಂದ ಸುದ್ದಿ ಬಂತು. ಹೋಗಿ ನೋಡಿದೆ. ಆ ಹೆಂಗಸಿನ ಕೊಟ್ಟಿಗೆಯಲ್ಲಿ ಗೂಟವಿತ್ತು, ಹಗ್ಗವಿತ್ತು. ಬಾನಿಯ ತಳದಲ್ಲಿ ಔಷಧದ ಬೆಳ್ಳಗಿನ ನೀರು ಇನ್ನೂ ನಿಂತಿತ್ತು.

"ಟೀವೀಲಿ ಅಂಗೇ ಇತ್ತಲ್ಲ ಸಾ," ಎಂದಳು ಅವಳು. "ಬಕೀಟ ಅಸೀನ ಮುಂದಕ್ಕೇ ಮಡಗಿದ್ರು."

ಸಂಸ್ಥೆ ಕರೆದ ವಿಚಾರಣೆಯ ಸಭೆಯಲ್ಲಿ ಮುಖ್ಯಸ್ಥರು ನನ್ನ ಕಡೆ ನೋಡದೆ ನುಡಿದರು: "ಆ ಭಾಗವನ್ನ ಮೇಷ್ಟ್ರು ಬರೆದೇ ಇರಲಿಲ್ಲ." ಸುತ್ತ ಕುಳಿತ ಸಂಸ್ಥೆಯವರು ಹೌದೆಂದು ತಲೆಯಾಡಿಸಿದರು; ಅವರೆಲ್ಲ ಆ ದೃಶ್ಯವನ್ನು ನೋಡಿದ್ದವರೇ.

ಸ್ವಾಮಿ ಮುಖ್ಯಸ್ಥರೇ, ಅವಳು ನಿಮ್ಮ ಚಿತ್ರವನ್ನು ನಂಬಿದಳು, ಕಂಡಂತೆಯೇ ಮಾಡಿದಳು. ಆ ಬರಿದಾದ ಕೊಟ್ಟಿಗೆಯ ಮುಂದೆ ನಿಂತು, "ಕತ್ತರಿಸಿದವನು ನಾನು" ಎನ್ನಲು ನಿಮಗೆ ಇಷ್ಟು ವರ್ಷಗಳೂ ಸಾಲಲಿಲ್ಲವೇ?